ಕನ್ನಡಕ್ಕೆ ಬಾರದ ಮಾತು

ಅನಗೋಳ, ಬೆಳಗಾವಿ
ಸೋಮವಾರ, ೮ ಸೆಪ್ಟೆಂಬರ್

ಆಶಿಶ್,

ನಾನು ಕ್ಷೇಮವೆಂದು ಬರೆಯುವುದಿಲ್ಲ. ನೀನು ಕ್ಷೇಮವೇ ಎಂದು ಕೇಳುವುದೂ ಇಲ್ಲ, ಯಾಕೆಂದರೆ ನಿನ್ನೆ ನಿನ್ನನ್ನು ಕಣ್ಣಾರೆ ನೋಡಿದ್ದೇನೆ. ಅದನ್ನು ಆಮೇಲೆ ಹೇಳುತ್ತೇನೆ.

ನಿನ್ನ ಪತ್ರ ಬಂದು ವಾರದ ಮೇಲಾಯಿತು. ಫೋನಿನಲ್ಲಿ ಎರಡನೇ ಮಾತಿಗೇ ಜಗಳ ಹತ್ತುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ ಎಂದಿದ್ದೀಯಲ್ಲ, ಅದು ಖರೆ. ಇಬ್ಬರೂ ಒಪ್ಪಿ ಕೋರ್ಟಿಗೆ ಹೋಗಿ ಬಿಡುಗಡೆ ಪಡೆಯುವುದು ‘ಬೇಕೋ ಬೇಡವೋ ಹೇಳು’ ಎಂದು ಕೇಳಲು ಹೋಗಿ ‘ಬೆಕೊ ಬೆಡವೊ ಹೆಳು’ ಎಂದು ಬರೆದಿದ್ದೀ. ಮರಾಠಿಯಲ್ಲಿ ನಮಗೆ ಒಂದೇ ‘ಎ’ ಸಾಕು, ನಿಮಗೆ ಯಾಕೆ ಎರಡೆರಡು ಎಂದು ಕಾಲೇಜಿನಲ್ಲಿದ್ದಾಗಿನಿಂದ ವಾದ ಮಾಡುತ್ತಿದ್ದವನು ನೀನು. ಓದುತ್ತ ನಗು ಬಂದುಬಿಟ್ಟಿತು. ಆಮೇಲೆ ಪ್ರಶ್ನೆ ಏನೆಂದು ತಲೆಗೆ ಹೋಗಿ ಪತ್ರ ಮಡಿಸಿಟ್ಟೆ.

೧೪ನೇ ತಾರೀಕಿನ ರವಿವಾರ ಬಂದು ನಿನ್ನ ಉಳಿದ ಸಾಮಾನು ಒಯ್ಯಲೇ ಎಂದೂ ಕೇಳಿದ್ದೀ. ಎರಡಕ್ಕೂ ಉತ್ತರ ಈ ಪತ್ರದಲ್ಲೇ ಇದೆ. ಎಂದಿನಂತೆ ಸೀದಾ ಕೊನೆಯ ಪುಟಕ್ಕೆ ಹಾರಬೇಡ, ಒಮ್ಮೆಯಾದರೂ ನಾನು ಹೇಳುವುದನ್ನು ಮೊದಲಿನಿಂದ ಕೇಳು. ನಿನ್ನೆ ಬೆಳಿಗ್ಗೆಯವರೆಗೂ ನನ್ನ ಉತ್ತರ ‘ಬೇಡ’ ಎಂದೇ ಇತ್ತು. ಸಾಮಾನು ಮುಟ್ಟಗೊಡುವುದಿಲ್ಲ, ಕೋರ್ಟಿನ ಮೆಟ್ಟಿಲು ಹತ್ತುವುದಿಲ್ಲ, ತನ್ನೂರಿನ ಹುಚ್ಚು ಇಳಿದ ಮೇಲೆ ತಾನೇ ಬರುತ್ತಾನೆ, ಬರಲಿ ಎಂದು ಗಟ್ಟಿ ಕುಳಿತಿದ್ದೆ.

ನಿನ್ನೆ ನಾನು ನಿಮ್ಮ ಖಾನಾಪುರದ ಕಡೆ ಬಂದದ್ದು ನಿನಗಾಗಿ ಅಲ್ಲ. ರಸಿಕಾ ಎಂದು ನನ್ನ ಕ್ಲಾಸಿನ ಒಬ್ಬ ಹುಡುಗಿ, ಬಿ.ಎ. ಎರಡನೇ ವರ್ಷ. ನಿಮ್ಮೂರಿನಿಂದ ಮುಂದೆ ಜಾಂಬೋಟಿಯ ಹಾದಿಗೆ ಅವಳ ಹಳ್ಳಿ, ಮನೆಮಾತು ಮರಾಠಿ. ನೆನಪಿನ ಶಕ್ತಿಯ ಪಾಠ ಮಾಡುತ್ತಿದ್ದಾಗ ಎದ್ದು ನಿಂತು, “ಮರಿಯೂದಕ್ಕೂ ಒಂದ್ ಪಾಠ ಐತೇನ್ರಿ ಮೇಡಂ?” ಎಂದು ಕೇಳಿ ಇಡೀ ಕ್ಲಾಸನ್ನು ನಗಿಸಿದ್ದಳು. ಅಂಥವಳು ಜುಲೈನಲ್ಲಿ ಕ್ಲಾಸಿಗೆ ಬರುವುದನ್ನು ನಿಲ್ಲಿಸಿದಳು. ಹಾಸ್ಟೆಲ್ಲಿನ ಅಡುಗೆಯ ರೇಣವ್ವ ಹೇಳಿದ ಪ್ರಕಾರ ಊಟಕ್ಕೆ ಕರೆದರೆ ಏಳುತ್ತಿರಲಿಲ್ಲ, ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದಳಂತೆ. ಕೊನೆಗೆ ಸೋದರಮಾವ ಬಂದು ಚೀಲ ಸಮೇತ ಕರೆದೊಯ್ದ. ಒಂದು ತಿಂಗಳು ನನಗೆ ಸುದ್ದಿಯೇ ಇರಲಿಲ್ಲ. ಕಾಲೇಜಿನಲ್ಲಿ ಮಕ್ಕಳ ಮನಸ್ಸಿನ ಆರೋಗ್ಯದ ಜವಾಬ್ದಾರಿ ನನ್ನದು, ಬಾಗಿಲಿಗೆ ಹಾಗೆಂದು ಫಲಕ ಬೇರೆ ಇದೆ.

ಸುದ್ದಿ ಯಾಕಿರಲಿಲ್ಲ ಎಂಬುದು ನಿನಗೆ ಗೊತ್ತಾಗಬೇಕು. ಅದರಲ್ಲಿ ನಿನ್ನ ಕೈಯೂ ಇದೆ. ಅಂದರೆ, ನಿನ್ನ ಕೈಯನ್ನು ನಾನು ತಡೆದದ್ದು ಇದೆ.

ನಮ್ಮ ಪ್ರಶ್ನಾವಳಿ ನೆನಪಿದೆಯಲ್ಲ? ಕಾಲೇಜಿನ ಮಕ್ಕಳ ಒಂಟಿತನವನ್ನು ಅಳೆದುಬಿಡುತ್ತೇನೆಂದು ನಾನು ಸೆರಗು ಕಟ್ಟಿ ನಿಂತಿದ್ದೆ. ಕನ್ನಡದಲ್ಲಿ ಬರೆದದ್ದನ್ನು ಖಾನಾಪುರದ ಕಡೆಯ ಮಕ್ಕಳಿಗಾಗಿ ನೀನು ಮರಾಠಿಗೆ ಮಾಡಿಕೊಟ್ಟೆ. ಉದ್ಯಮಬಾಗದ ಕಾರ್ಖಾನೆಯಿಂದ ಎಣ್ಣೆ ಕೈಯಲ್ಲೇ ಬಂದು, ತೊಳೆದುಕೊಂಡು, ಅಡುಗೆಮನೆಯಲ್ಲಿ ಕಾಗದ ಹರಡಿಕೊಂಡು, ರೊಟ್ಟಿ ಬಡಿಯುತ್ತಿದ್ದ ನನ್ನನ್ನು ಶಬ್ದ ಶಬ್ದಕ್ಕೂ ಕಾಡುತ್ತಿದ್ದೆ. ‘ನನಗೆ ಒಂಟಿ ಅನ್ನಿಸುತ್ತದೆ’ ಎಂದಿದ್ದ ಕಡೆಯಲ್ಲೆಲ್ಲ ನೀನು ‘ಕರಮತ ನಾಹೀ’ ಎಂದು ಹಾಕಿದೆ.

ಅನುವಾದ ಸರಿಯಾಗಿದೆಯೋ ಇಲ್ಲವೋ ನೋಡಲು ನಮ್ಮ ಕೆಲಸದಲ್ಲಿ ಒಂದು ಪದ್ಧತಿ ಇದೆ. ಮೂಲವನ್ನು ಕಾಣದ ಇನ್ನೊಬ್ಬರ ಕೈಯಲ್ಲಿ ಅದನ್ನು ತಿರುಗಿ ಮೂಲ ಭಾಷೆಗೆ ಮಾಡಿಸಬೇಕು. ನಮ್ಮ ಬಿಂದುಮಾಧವ ಸರ್‌ಗೆ ಎರಡೂ ಭಾಷೆ ಚೆನ್ನಾಗಿ ಬರುತ್ತವೆ, ಅವರಿಗೆ ಕೊಟ್ಟೆ. ನಿನ್ನ ‘ಕರಮತ ನಾಹೀ’ ಅವರ ಕೈಯಿಂದ ‘ಹೊತ್ತು ಹೋಗುವುದಿಲ್ಲ’ ಆಗಿ ಹೊರಬಂತು. ಹೊತ್ತು ಹೋಗದಿರುವುದು ಬೇಸರ, ಒಂಟಿತನವಲ್ಲ ಎಂದು ನಾನು ಕೆಂಪು ಪೆನ್ನಿನಿಂದ ಅದನ್ನು ಹೊಡೆದು ‘ಏಕಟೇಪಣಾ’ ಎಂಬ ಪುಸ್ತಕದ ಶಬ್ದ ಹಾಕಿದೆ. ಅದು ತಿರುಗಿ ಬರುವಾಗ ‘ಒಂಟಿತನ’ ಎಂದೇ ಬಂತು. ಲೆಕ್ಕ ತಾಳೆಯಾದ ಹಾಗೆ ಖುಷಿಯಾಯಿತು.

ಹೀಗೆ ಕೇಳಿದರೆ ನಮ್ಮ ಕಡೆಯ ಒಬ್ಬರೂ ಹೌದು ಅನ್ನುವುದಿಲ್ಲ, ‘ಮನೆಯಲ್ಲಿ ನೀವು ಒಬ್ಬರೇ ಇರುತ್ತೀರಾ’ ಎಂದು ಕೇಳಿದ ಹಾಗಾಗುತ್ತದೆ ಎಂದು ನೀನು ಅಂದೆ. ಆಗ ನಾನು, “ಸೈಕಾಲಜಿ ನಾ ಕಲಸ್ತೀನೋ, ನೀ ಕಲಸ್ತೀಯೋ?” ಎಂದೆ. ನೀನು ಪೆನ್ನಿಗೆ ಟೋಪಿ ಹಾಕಿ ಎದ್ದು ಹೋದೆ.

ನೀನು ಹೇಳಿದ ಹಾಗೇ ಆಯಿತು. ಖಾನಾಪುರದ ಮಕ್ಕಳು ಸಾಲಾಗಿ ‘ಇಲ್ಲ, ಇಲ್ಲ, ಇಲ್ಲ’ ಎಂದು ಗುರುತು ಹಾಕಿದರು. ನಾನು ಅದನ್ನು ನಂಬಿದೆ. ಕೂಡುಕುಟುಂಬ, ಹಳ್ಳಿಯ ಒಡನಾಟ, ಒಬ್ಬರಿಗೊಬ್ಬರು ಆಗುವ ಗುಣ, ಹೀಗೆ ಕಾರಣಗಳನ್ನು ಪೋಣಿಸಿ ‘ಆ ಭಾಗದ ವಿದ್ಯಾರ್ಥಿಗಳಲ್ಲಿ ಒಂಟಿತನ ಅತಿ ಕಡಿಮೆ’ ಎಂದು ಲೇಖನ ಬರೆದೆ. ಅದು ಅಚ್ಚಾಯಿತು, ಕಾಲೇಜಿನಲ್ಲಿ ಚಪ್ಪಾಳೆ ಬಿತ್ತು, ಶಾಲು ಹೊದಿಸಿದರು. ಅಪ್ಪ ರವಿವಾರಪೇಟೆಯ ತಮ್ಮ ಅಂಗಡಿಯಲ್ಲಿ ಬಂದ ಗಿರಾಕಿಗೆಲ್ಲ ಪೇಢೆ ಹಂಚಿದರು. ನಮ್ಮ ಪ್ರಿನ್ಸಿಪಾಲರು ಅದನ್ನು ಓದಿ, ಇರುವವಳು ನಾನೊಬ್ಬಳೇ, ಸಮಯವೂ ಕಡಿಮೆ, ಹೆಚ್ಚು ಅಗತ್ಯ ಇರುವ ಮಕ್ಕಳಿಗೆ ಮೊದಲು ಎಂದು ಹೇಳಿ ಖಾನಾಪುರದ ಹುಡುಗಿಯರಿರುವ ಹಾಸ್ಟೆಲ್ಲಿಗೆ ನಾನು ವಾರಕ್ಕೊಮ್ಮೆ ಹೋಗುವುದನ್ನು ತೆಗೆದುಹಾಕಿದರು. ನಾನೂ ತಲೆಯಾಡಿಸಿದೆ. ರಸಿಕಾ ಗೋಡೆಗೆ ಮುಖ ಮಾಡಿ ಮಲಗಿದ್ದು ಆ ಹಾಸ್ಟೆಲ್ಲಿನಲ್ಲೇ.

ಅದಕ್ಕೇ ನಿನ್ನೆ ಹೋದೆ. ಪರೀಕ್ಷೆಗೆ ಇನ್ನೂ ಸಮಯವಿದೆ, ಹಾಜರಿಯ ವಿಷಯ ನಾನು ನೋಡಿಕೊಳ್ಳುತ್ತೇನೆ, ಹೇಗಾದರೂ ಮಾಡಿ ಕರೆತರಬೇಕು ಎಂದು ನೋಟ್ಸಿನ ಕಟ್ಟು ಹಿಡಿದುಕೊಂಡು ಹೋದೆ.

ಮನೆ ತುಂಬ ಜನ. ಮಾವಂದಿರು, ಅವರ ಹೆಂಡಿರು, ಮಕ್ಕಳು, ಒಲೆ ಮುಂದೆ ಅಜ್ಜಿ. ನನ್ನ ಲೇಖನದಲ್ಲಿ ಬರೆದ ಕೂಡುಕುಟುಂಬ ಕಣ್ಣೆದುರು ಇತ್ತು. ರಸಿಕಾ ಅವರೆಲ್ಲರ ನಡುವೆ ಬಾಗಿಲ ಪಕ್ಕ ಕುಳಿತು ಶೇಂಗಾಕಾಯಿ ಸುಲಿಯುತ್ತಿದ್ದಳು. ನನ್ನನ್ನು ನೋಡಿ ಎದ್ದು ನಿಂತಳು, ಬರ್ರಿ ಅಂದಳು, ನೀರು ತಂದುಕೊಟ್ಟಳು. ಎಲ್ಲವನ್ನೂ ಸರಿಯಾಗಿಯೇ ಮಾಡಿದಳು. ಮುಖದಲ್ಲಿ ಮಾತ್ರ ಯಾರೂ ಇರಲಿಲ್ಲ. ಇದಕ್ಕಿಂತ ಚೆನ್ನಾಗಿ ಹೇಳಲು ನನಗೆ ಬರುವುದಿಲ್ಲ.

ಅವಳ ಸೋದರಮಾವ ಬಾಳಾಸಾಹೇಬ ನನ್ನನ್ನು ಕುರ್ಚಿಯ ಮೇಲೆ ಕೂರಿಸಿ ತಾನು ನಿಂತೇ ಮಾತಾಡಿದ. “ಹುಡುಗಿಗೆ ಏನೂ ಆಗಿಲ್ರಿ ಮೇಡಂ. ಹಾಸ್ಟೆಲ್ ಊಟ ಒಗ್ಗಿಲ್ಲ, ಅಷ್ಟ. ನಾಕ ದಿನ ಮನ್ಯಾಗ ಉಂಡ್ರ ಸೀದಾ ಆಗ್ತಾಳ” ಎಂದ. ಒಂದು ತಿಂಗಳಾಯಿತಲ್ಲ ಎಂದೆ. ಬೆಳಗಾವಿಯ ದೊಡ್ಡ ಆಸ್ಪತ್ರೆಯಲ್ಲಿ ಒಳ್ಳೆಯ ಮನೋವೈದ್ಯರಿದ್ದಾರೆ, ನಾನೇ ಜೊತೆಗೆ ಬರುತ್ತೇನೆ, ಗುಳಿಗೆಯಿಂದ ಗುಣವಾಗುವಂಥದ್ದು ಇದು ಎಂದು ಬಿಡಿಸಿ ಬಿಡಿಸಿ ಹೇಳಿದೆ. ಅವನು ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ನಾನೂ ಜಗಳವಾಡಬಹುದಿತ್ತು. ದನಿ ತಗ್ಗಿಸಿ, “ಆ ಡಾಕ್ಟರ ಚೀಟಿ ಒಮ್ಮಿ ಮನಿಗೆ ಬಂತಂದ್ರ ನಾಳೆ ಆಕೀನ್ನ ಯಾರ ಮಾಡ್ಕೋತಾರ್ರಿ? ಆಕೀಗೆ ಅಪ್ಪ ಇಲ್ಲ. ನಾ ಇರೂತನಾ ನೋಡ್ಕೋತೀನಿ, ಮುಂದ?” ಎಂದ. ಅವಳಿಗೆ ಒಳ್ಳೆಯದನ್ನೇ ಬಯಸುವ ಮನುಷ್ಯ. ಅವನೆದುರು ನನ್ನ ಓದೆಲ್ಲ ಉಪಯೋಗಕ್ಕೆ ಬರಲಿಲ್ಲ.

ಆಮೇಲೆ ಅವಳ ತಾಯಿ ಕಾಶೀಬಾಯಿಯ ಎದುರಿಗೇ ರಸಿಕಾಳನ್ನು ಕೂರಿಸಿಕೊಂಡು ಕೇಳಿದೆ. ಹಾಸ್ಟೆಲ್ಲಿನಲ್ಲಿ ಯಾರಾದರೂ ಕಾಡಿದರೇ? ಇಲ್ಲ. ಯಾರ ಜೊತೆಗಾದರೂ ಮನಸ್ತಾಪವೇ? ಇಲ್ಲ. “ಒಬ್ಬಾಕಿನ ಇದ್ದಂಗ ಅನಸ್ತದೇನವಾ?” ಎಂದೆ. ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. “ಇಲ್ರಿ ಮೇಡಂ. ರೂಮಿನ್ಯಾಗ ಐದ ಮಂದಿ ಇದ್ವಿ. ಇಲ್ಲೂ ಮನಿ ತುಂಬ ಮಂದಿ ಅದಾರ” ಎಂದಳು. ನನ್ನ ಪ್ರಶ್ನಾವಳಿಗೆ ಕೊಟ್ಟ ಉತ್ತರವನ್ನೇ ಬಾಯಲ್ಲಿ ಕೊಟ್ಟಳು. ತಪ್ಪು ಪ್ರಶ್ನೆಗೆ ಪ್ರಾಮಾಣಿಕವಾದ ಉತ್ತರ.

ತಾಯಿಗೆ ತಡೆಯಲಾಗಲಿಲ್ಲ. ಹಾಗಾದರೆ ಓದು ಬಿಟ್ಟು ಯಾಕೆ ಬಂದೆ ಎಂದು ಮರಾಠಿಯಲ್ಲಿ ಗದರಿದಳು. ಹುಡುಗಿ ಕೈಯಲ್ಲಿದ್ದ ಕಾಯಿಯನ್ನು ಸುಲಿದು ಮುಗಿಸಿ, ಅಲ್ಲಿ ನನಗೆ ಕರಮತವೇ ಇರಲಿಲ್ಲ ಆಯೀ, ಎಂದಳು. ಕಾಶೀಬಾಯಿಯ ಮುಖ ಅರಳಿತು. ನನ್ನ ಕಡೆ ತಿರುಗಿ ತನ್ನ ಅರ್ಧ ಕನ್ನಡದಲ್ಲಿ, “ಕೇಳಿದ್ರೆಲ್ಲ? ಮನಿ ನೆನಪರಿ! ಈಗ ಮನಿಗಿ ಬಂದಾಳಲ್ಲ, ಎಲ್ಲಾ ಚಲೋ ಆಗತೈತಿ” ಎಂದಳು. ಆಗ ರಸಿಕಾ ತಲೆ ಎತ್ತದೆ ಇನ್ನೊಂದು ಮಾತು ಹೇಳಿದಳು. “ಇಥಂ ಪಣ ನಾಹೀ ಕರಮತ.” ಇಲ್ಲಿಯೂ ಇಲ್ಲ.

ಆ ತಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆಶಿಶ್, ಆ ಮಾತಿಗೆ ಔಷಧವೇ ಮನೆಯಲ್ಲವೇ? ಅಲ್ಲಿ ಕರಮತ ನಾಹೀ ಎಂದವರಿಗೆ ಇಲ್ಲಿ ಬಾ ಅನ್ನುತ್ತಾರೆ, ತಮ್ಮವರ ನಡುವೆ ಬಂದರೆ ಸರಿಹೋಗುತ್ತದೆ ಎಂದುಕೊಳ್ಳುತ್ತಾರೆ. ತಮ್ಮವರ ನಡುವೆ ಕುಳಿತೇ ಅದನ್ನು ಹೇಳಿದರೆ ಮುಂದೆ ಕರೆದೊಯ್ಯಲು ಜಾಗವೆಲ್ಲಿದೆ? ಹೊತ್ತು ಹೋಗುವುದಿಲ್ಲ ಎಂದಲ್ಲ ಅದರ ಅರ್ಥ. ಮನಸ್ಸು ಎಲ್ಲೂ ಕೂರುವುದಿಲ್ಲ, ಯಾರ ಹತ್ತಿರ ಹೋದರೂ ಹೋದ ಹಾಗಾಗುವುದಿಲ್ಲ ಎಂದು ಅರ್ಥ. ಅದಕ್ಕೆ ಕನ್ನಡದಲ್ಲಿ ಒಂದೇ ಶಬ್ದ ನನಗೆ ಇನ್ನೂ ಸಿಕ್ಕಿಲ್ಲ.

ಕೊನೆಗೆ ನಾನು, ನಮ್ಮ ಮನೆಗೆ ಬಂದುಬಿಡು, ಹಾಸ್ಟೆಲ್ ಬೇಡ, ಒಂದು ಕೋಣೆ ಖಾಲಿ ಇದೆ, ನನ್ನ ಜೊತೆಗಿದ್ದು ಪರೀಕ್ಷೆ ಬರೆ ಎಂದೆ. ಆ ಕೋಣೆ ಯಾವುದೆಂದು ನಿನಗೆ ಹೇಳಬೇಕಿಲ್ಲ, ನೀನು ಬಿಟ್ಟು ಹೋದದ್ದೇ. ಅವಳು ಮೊದಲ ಸಲ ನನ್ನನ್ನು ನೇರವಾಗಿ ನೋಡಿದಳು.

“ನಿಮ್ಮ ಮನ್ಯಾಗ ಯಾರ್ಯಾರ ಇರ್ತೀರಿ ಮೇಡಂ?” ಎಂದಳು.

“ನಾ ಒಬ್ಬಾಕಿನ” ಎಂದೆ. ಅವಳು ನಾನು ಮುಟ್ಟದೇ ಇಟ್ಟಿದ್ದ ಅವಲಕ್ಕಿಯ ತಟ್ಟೆಯನ್ನು ನನ್ನ ಕಡೆ ಸರಿಸಿ, “ತಿನ್ರಿ” ಅಂದಳು. ಅವಳನ್ನು ಸಂತೈಸಲು ಹೋದವಳು ನಾನು. ತಲೆ ತಗ್ಗಿಸಿ ಅವಲಕ್ಕಿ ತಿಂದೆ. ನೋಟ್ಸಿನ ಕಟ್ಟು ಅಲ್ಲೇ ಬಿಟ್ಟು ಬಂದೆ. ಕಾಶೀಬಾಯಿಗೆ ನನ್ನ ನಂಬರ್ ಕೊಟ್ಟು, ಹುಡುಗಿಯನ್ನು ಒಬ್ಬಳೇ ಬಿಡಬೇಡಿ, ಯಾವ ಹೊತ್ತಿನಲ್ಲಾದರೂ ಫೋನ್ ಮಾಡಿ, ಗಾಡಿ ತೆಗೆದುಕೊಂಡು ಬರುತ್ತೇನೆ ಎಂದೆ. ಹೂಂ ಅಂದಳು. ಮಾಡುತ್ತಾಳೆಂದು ನನಗೆ ಅನ್ನಿಸುವುದಿಲ್ಲ. ಅವಳ ಹಿಂದೆ ಬಾಳಾಸಾಹೇಬ ನಿಂತಿದ್ದ.

ಇವತ್ತು ಬೆಳಿಗ್ಗೆ ಪ್ರಿನ್ಸಿಪಾಲರ ಹತ್ತಿರ ಹೋಗಿ ನನ್ನ ಲೇಖನ ತಪ್ಪು, ಆ ಹಾಸ್ಟೆಲ್ಲಿಗೆ ಮತ್ತೆ ಹೋಗಬೇಕು, ಪ್ರಶ್ನೆಗಳನ್ನು ಹೊಸದಾಗಿ ಕೇಳಬೇಕು ಎಂದೆ. “ಅಚ್ಚಾಗಿದ್ದನ್ನ ಯಾಕ ಕೆದರ್ತೀರಿ ಮೇಡಂ? ಮರಾಠಿ ಹುಡುಗೂರಿಗೆ ಇಲ್ಲಿ ‘ಕರಮತ ನಾಹೀ’ ಅಂತ ಬರದ್ರ ನಾಳೆ ಅದು ಎಲ್ಲಿಗೆ ಹೋಗಿ ಮುಟ್ಟತದ, ನಿಮಗ ಗೊತ್ತಿಲ್ಲೇನು?” ಎಂದರು. ಈ ಊರಲ್ಲಿ ಹುಟ್ಟಿ ಬೆಳೆದ ನನಗೆ ಗೊತ್ತಿಲ್ಲದೆ ಏನು. ಒಂದು ಹುಡುಗಿಯ ಸಂಕಟ ಹೇಳಲು ಹೋದರೆ ಎರಡು ಭಾಷೆಗಳು ಎದ್ದು ಕುಸ್ತಿಗೆ ನಿಲ್ಲುತ್ತವೆ. ಬರುವ ವರ್ಷ ನೋಡೋಣ ಎಂದರು. ಅವರ ಮೇಜಿನ ಮೇಲೆ ಶಾಲು ಹೊದ್ದ ನನ್ನ ಫೋಟೋ ಇತ್ತು, ಕಾಲೇಜಿನ ವಾರ್ಷಿಕ ಸಂಚಿಕೆಗೆ.

ಇನ್ನು ನಿನ್ನ ವಿಷಯ. ಆ ಮಾತನ್ನು ನೀನು ಈ ಮನೆಯಲ್ಲಿ ಎಷ್ಟು ಸಲ ಅಂದೆ! ಸಂಜೆ ಬಂದು ಬೂಟು ಬಿಚ್ಚುತ್ತ ಅಂದೆ, ನಾನು ಪೇಪರ್ ತಿದ್ದುತ್ತಿದ್ದಾಗ ಹಿಂದೆ ನಿಂತು ಅಂದೆ. ನಾನು ಹೊತ್ತು ಕಳೆಯುವ ದಾರಿ ಹೇಳಿಕೊಟ್ಟೆ. ಬೆಳಿಗ್ಗೆ ವ್ಯಾಕ್ಸಿನ್ ಡಿಪೋ ಮೈದಾನದಲ್ಲಿ ತಿರುಗಾಡು, ಓಣಿಯ ಗಣಪತಿ ಮಂಡಳಿಗೆ ಸೇರು, ಕ್ಯಾರಂ ಆಡು. ಫ್ರಿಜ್ಜಿನ ಬಾಗಿಲಿಗೆ ನಿನಗೊಂದು ವೇಳಾಪಟ್ಟಿ ಅಂಟಿಸಿದೆ. ನೀನು ಕೆಲವು ದಿನ ಅದನ್ನು ಪಾಲಿಸಿದೆ ಕೂಡ. ಈಗ ನೆನೆಸಿಕೊಂಡರೆ ಅದೇ ಹೊಟ್ಟೆ ಉರಿಸುತ್ತದೆ. ಆದರೂ ಒಂದು ಕೇಳುತ್ತೇನೆ: ಮರಾಠಿಯಲ್ಲೇ ಹೇಳಿದೆ ಯಾಕೆ? ನೀನು ಮರಾಠಿಯಲ್ಲಿ, ನಾನು ಕನ್ನಡದಲ್ಲಿ, ಹಾಗೇ ಸಂಸಾರ ಮಾಡಿದೆವು, ಎಲ್ಲರೂ ನೋಡಿ ಮೆಚ್ಚಿದರು. ನಾನು ಅರ್ಥ ಮಾಡಿಕೊಳ್ಳಲಿಲ್ಲ, ನಿಜ. ನೀನು ಇನ್ನೊಂದು ಸಲ ಬೇರೆ ಮಾತಿನಲ್ಲಿ ಹೇಳುವ ಕಷ್ಟವನ್ನೂ ತೆಗೆದುಕೊಳ್ಳಲಿಲ್ಲ. ಚೀಲ ಹಿಡಿದು ಖಾನಾಪುರದ ಬಸ್ಸು ಹತ್ತಿದೆ.

ನಿನ್ನೆ ತಿರುಗಿ ಬರುವಾಗ ಖಾನಾಪುರ ಸ್ಟ್ಯಾಂಡಿನಲ್ಲಿ ಬೆಳಗಾವಿಯ ಬಸ್ಸು ಹತ್ತಿ ಕಿಟಕಿಯ ಪಕ್ಕ ಕುಳಿತೆ. ಎದುರಿಗೇ ನಿನ್ನ ಮೋಟಾರ್ ರಿಪೇರಿ ಅಂಗಡಿ. ನೀನು ಹೊರಗೆ ಸ್ಟೂಲಿನ ಮೇಲೆ ಕುಳಿತು ತಾಮ್ರದ ತಂತಿ ಸುತ್ತುತ್ತಿದ್ದೆ. ನಿಜ ಹೇಳುತ್ತೇನೆ, ನೀನು ಬಾಡಿದ ಮುಖದಲ್ಲಿ ಸಿಗುತ್ತೀ ಎಂದು ಆಸೆ ಇಟ್ಟುಕೊಂಡಿದ್ದೆ. ಹಾಗೆ ಕಂಡರೆ ಇಳಿದು ಬಂದು, ನಡಿ ಮನೆಗೆ ಎಂದು ಕರೆಯಬೇಕೆಂದು ಸೀಟಿನಿಂದ ಅರ್ಧ ಎದ್ದೂ ಇದ್ದೆ. ಪಕ್ಕದಲ್ಲಿ ನಿಂತವರು ಯಾರೋ ಏನೋ ಅಂದರು. ನೀನು ತಂತಿ ಬಿಟ್ಟು, ತಲೆ ಹಿಂದಕ್ಕೆ ಹಾಕಿ ನಕ್ಕೆ. ಸದ್ದು ಕೇಳಿಸಲಿಲ್ಲ, ಹಲ್ಲು ಕಂಡವು. ಅನಗೋಳದ ಈ ಮನೆಯಲ್ಲಿ ಆ ನಗು ನಾನು ಯಾವತ್ತು ನೋಡಿದ್ದೆ ಎಂದು ನೆನಪಿಸಿಕೊಳ್ಳಲು ಹೋದೆ. ಕಂಡಕ್ಟರ್, “ಇಳಿಯೋರ ಇಳೀರಿ ಅಕ್ಕಾರ, ನಡು ನಿಂದ್ರಬ್ಯಾಡ್ರಿ” ಅಂದ. ಕುಳಿತುಬಿಟ್ಟೆ.

ಆ ಹುಡುಗಿಗೆ ಎಲ್ಲಿಯೂ ಇಲ್ಲದ್ದು ನಿನಗೆ ಅಲ್ಲಿ ಸಿಕ್ಕಿದೆ. ಅದನ್ನು ಕಂಡ ಮೇಲೂ ಇಲ್ಲಿಗೆ ಬಾ ಎಂದು ಕರೆಯುವುದು ನನ್ನಿಂದ ಆಗಲಿಲ್ಲ. ನಿನ್ನ ಮೇಲೆ ಸಿಟ್ಟು ಇದೆ, ಬಹಳ ಇದೆ. ಪ್ರೀತಿಯೂ ಇದೆ, ಅದನ್ನು ಬರೆದಿಡುತ್ತೇನೆ, ಆಮೇಲೆ ಹೇಳಲಿಲ್ಲ ಅನ್ನಬೇಡ. ಆದರೂ ಕೋರ್ಟಿಗೆ ಬರುತ್ತೇನೆ. ವಕೀಲರನ್ನು ಕೇಳಿ ದಿನ ಗೊತ್ತು ಮಾಡು. ಅಪ್ಪನಿಗೆ ನಾನೇ ಹೇಳುತ್ತೇನೆ, ನೀನು ಅಂಗಡಿಗೆ ಹೋಗಿ ಅವರೆದುರು ನಿಲ್ಲುವುದು ಬೇಡ.

ರವಿವಾರ ಬಂದು ಸಾಮಾನು ಒಯ್ಯಿ. ಅವತ್ತು ನನಗೆ ಧಾರವಾಡದಲ್ಲಿ ಸೆಮಿನಾರ್ ಇದೆ, ಬೆಳಿಗ್ಗೆಯೇ ಹೋಗುತ್ತೇನೆ. ಕೆಳಗಿನ ಮನೆಯ ಸಿದ್ದಕ್ಕನ ಹತ್ತಿರ ಕೀಲಿ ಕೊಟ್ಟಿರುತ್ತೇನೆ. ನಿನ್ನ ಉಪಕರಣದ ಪೆಟ್ಟಿಗೆ ಹೊರಗಿನ ಕೋಣೆಯ ಮಂಚದ ಕೆಳಗಿದೆ. ನಿನ್ನ ಆಯಿಯ ಹಿತ್ತಾಳೆ ಕೊಡ, ಎರಡು ಕಂಬಳಿ, ಪುಸ್ತಕಗಳು ಎಲ್ಲ ಅಲ್ಲೇ ಇವೆ. ಅಟ್ಟದ ಮೇಲಿನ ಟ್ರಂಕು ಭಾರ, ಒಬ್ಬನೇ ಇಳಿಸಲು ಹೋಗಿ ಸೊಂಟ ಹಿಡಿಸಿಕೊಳ್ಳಬೇಡ.

ಇನ್ನು ಸ್ವಲ್ಪ ದಿನದ ಮಟ್ಟಿಗೆ ನಿನ್ನ ಹೆಂಡತಿ,
ಪೂರ್ಣಿಮಾ

ತಾ.ಕ.: ಧಾರವಾಡದಲ್ಲಿ ಯಾವ ಸೆಮಿನಾರೂ ಇಲ್ಲ. ರವಿವಾರ ಯಾರು ಸೆಮಿನಾರ್ ಇಡುತ್ತಾರೆ, ನಿನಗೂ ಗೊತ್ತು. ನಾನು ಒಳಗಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಇರುತ್ತೇನೆ. ತಟ್ಟಬೇಡ, ಕರೆಯಬೇಡ, ಎದುರಿಗೆ ಬಂದರೆ ಜಗಳವೇ ಆಗುತ್ತದೆ. ಆದರೆ ಸಾಮಾನು ಅವಸರದಲ್ಲಿ ಕಟ್ಟಬೇಡ. ಮನೆಯೊಳಗೆ ಇನ್ನೊಬ್ಬರು ಓಡಾಡುವ ಸಪ್ಪಳ ಕೇಳಿ ಬಹಳ ದಿನವಾಯಿತು. ಸಂಜೆಯವರೆಗೆ ಹಿಡಿದರೂ ನಡೆಯುತ್ತದೆ.